ರಾಂ ಅಂಡ್ ಕೋ ಸರ್ಕಲ್ ಬಳಿಯ ಟೈಪಿಂಗ್ ಅಂಗಡಿ: ಅಮೆರಿಕದ ಕಾಗದಪತ್ರಕ್ಕೆ ಧೈರ್ಯವಾಗಿ ಹೋಗಬಹುದು

ಮೊದಲೇ ಹೇಳಿಬಿಡುತ್ತೇನೆ, ಈ ಅಂಗಡಿಗೆ ಹೆಸರಿಲ್ಲ. ಶಟರ್ ಮೇಲಿನ ಬೋರ್ಡಿನಲ್ಲಿ ‘ಜೆರಾಕ್ಸ್, ಲ್ಯಾಮಿನೇಷನ್, ಕನ್ನಡ-ಇಂಗ್ಲಿಷ್ ಟೈಪಿಂಗ್, ಭಾಷಾಂತರ’ ಅಂತಷ್ಟೇ ಬರೆದಿದೆ. ಅದರಲ್ಲೂ ‘ಭಾಷಾಂತರ’ ಬಿಸಿಲಿಗೆ ಮಾಸಿ ಹೋಗಿದೆ. ದಾವಣಗೆರೆ ರಾಂ ಅಂಡ್ ಕೋ ಸರ್ಕಲ್‌ನಲ್ಲಿ ನಿಂತು ‘ಟೈಪಿಂಗ್ ಅಣ್ಣಾರ ಅಂಗಡಿ ಎಲ್ಲಿ’ ಅಂದರೆ ಆಟೋದವರೇ ತೋರಿಸುತ್ತಾರೆ. ವಿದೇಶದಲ್ಲಿರುವ ಮಕ್ಕಳು, ತಂಗಿ, ತಮ್ಮಂದಿರಿಗೆ ಊರಿನಿಂದ ಕಾಗದ ಮಾಡಿಸಿ ಕಳಿಸುವ ತಾಪತ್ರಯ ಇರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಒಂದು ಯಾಕೆ ಕಳೆದೆ ಅಂತ ಮುಂದೆ ಬರುತ್ತದೆ.

ನಾನು ಮನೆಯವರ ಕಬ್ಬಿಣದ ಅಂಗಡಿಯಲ್ಲಿ ಲೆಕ್ಕ ನೋಡಿಕೊಳ್ಳುವವಳು. ದಿನಾ ಬಿಲ್ಲು, ಚಲನ್, ಜಿಎಸ್‌ಟಿ ಅಂತ ಕಾಗದದ ಜೊತೆಗೇ ಬದುಕು. ಹಾಗಾಗಿ ಒಬ್ಬರು ಕಾಗದವನ್ನು ಓದುತ್ತಿದ್ದಾರೋ, ಸುಮ್ಮನೆ ಕಣ್ಣಾಡಿಸುತ್ತಿದ್ದಾರೋ ಅಂತ ಕೂತಲ್ಲೇ ಗೊತ್ತಾಗುತ್ತದೆ. ಈ ಅಣ್ಣಾರು ಓದುವವರು.

ನಮ್ಮ ಕೆಲಸ ಏನಿತ್ತು ಅಂದರೆ, ನನ್ನ ತಂಗಿ ನ್ಯೂಜೆರ್ಸಿಯಲ್ಲಿದ್ದಾಳೆ. 2016ರಲ್ಲಿ ಅವಳೂ ಅವಳ ಗಂಡನೂ ಇಲ್ಲೇ ದಾವಣಗೆರೆಯಲ್ಲಿ ಒಂದು ಹೆಣ್ಣುಮಗುವನ್ನು ದತ್ತು ತೆಗೆದುಕೊಂಡರು. ಮಗು ಅವಳ ಗಂಡನ ಕಡೆಯ ಸಂಬಂಧ, ಹರಿಹರದಲ್ಲಿ ಹುಟ್ಟಿದ್ದು. ಕೊಟ್ಟವರ ಮನೆಯ ವಿಷಯ ಇಲ್ಲಿ ಬರೆಯುವುದಿಲ್ಲ. ದತ್ತು ಪತ್ರ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾಯಿತು. ಆಗ ತಂಗಿಗೆ ಅಲ್ಲಿ ಕಾಯಂ ಆಗಿ ನೆಲೆಸಲು ಕೊಡುವ ಗ್ರೀನ್ ಕಾರ್ಡ್ ಮಾತ್ರ ಇತ್ತು, ಅಮೆರಿಕದ ಪೌರತ್ವ ಇರಲಿಲ್ಲ. ಗ್ರೀನ್ ಕಾರ್ಡಿನವರು ಹೀಗೆ ದತ್ತು ಪಡೆದ ಮಗುವಿಗೆ ಅರ್ಜಿ ಹಾಕಬೇಕಾದರೆ, ಮಗುವಿಗೆ 16 ತುಂಬುವ ಮೊದಲೇ ದತ್ತು ಆಗಿರಬೇಕು, ಎರಡು ವರ್ಷ ಮಗು ಕಾನೂನು ಪ್ರಕಾರ ಅವರ ವಶದಲ್ಲಿರಬೇಕು, ಎರಡು ವರ್ಷ ಅವರ ಜೊತೆಯಲ್ಲೇ ಬಾಳಿರಬೇಕು. ಅದಕ್ಕೇ ತಂಗಿ ಗಂಡನನ್ನೂ ಮಗನನ್ನೂ ಅಲ್ಲಿ ಬಿಟ್ಟು, ವಿದ್ಯಾನಗರದ ನಮ್ಮ ಅಮ್ಮನ ಮನೆಗೆ ಬಂದು ಮಗುವಿನ ಜೊತೆ ಉಳಿದಳು. ಆಮೇಲೆ ವಾಪಸ್ ಹೋಗಿ, ಮಗುವನ್ನು ಅಲ್ಲಿಗೆ ಕರೆಸಿಕೊಳ್ಳಲು ಐ-130 ಅನ್ನುವ ಅರ್ಜಿ ಹಾಕಿದಳು. ವೀಸಾ ಬರುವ ತನಕ ಹುಡುಗಿ ನಮ್ಮಲ್ಲೇ ಬೆಳೆದಳು. ಕೋವಿಡ್ ಬಂದು ಕಾನ್ಸುಲೇಟ್ ಬಾಗಿಲು ಹಾಕಿ ಇನ್ನಷ್ಟು ತಡವಾಯಿತು. 2021ರಲ್ಲಿ ಮುಂಬೈಯಲ್ಲಿ ಸಂದರ್ಶನ ಮುಗಿಸಿ ಹೊರಟಳು. ‘ದೊಡ್ಡಮ್ಮ, ನನ್ನ ಸೈಕಲ್ ಯಾರಿಗೂ ಕೊಡಬೇಡ’ ಅಂದಿದ್ದಳು. ಕೊಟ್ಟಿಲ್ಲ.

2024ರಲ್ಲಿ ತಂಗಿಗೆ ಅಮೆರಿಕದ ಪೌರತ್ವ ಬಂತು. ಇಲ್ಲಿಂದ ನಮ್ಮ ಕಥೆ ಶುರು.

ಬಹಳ ಜನರಿಗೆ ಗೊತ್ತಿಲ್ಲದ ಒಂದು ವಿಷಯ ಹೇಳುತ್ತೇನೆ. ಅಮೆರಿಕದಲ್ಲಿ 2000ನೇ ಇಸವಿಯಲ್ಲಿ ಚೈಲ್ಡ್ ಸಿಟಿಜನ್‌ಶಿಪ್ ಆ್ಯಕ್ಟ್ ಅಂತ ಒಂದು ಕಾಯ್ದೆ ಮಾಡಿದರು, 2001ರ ಫೆಬ್ರವರಿ 27ರಿಂದ ಜಾರಿಗೆ ಬಂತು. ಅದರ ಪ್ರಕಾರ ಅಪ್ಪ ಅಮ್ಮಂದಿರಲ್ಲಿ ಒಬ್ಬರು ಅಮೆರಿಕದ ಪ್ರಜೆಯಾಗಿದ್ದು, ಮಗು 18ರ ಒಳಗಿದ್ದು, ಗ್ರೀನ್ ಕಾರ್ಡ್ ಮೇಲೆ ಬಂದು ಅವರ ಜೊತೆ ಅಲ್ಲೇ ವಾಸವಾಗಿದ್ದರೆ, ಮಗು ತಾನಾಗೇ ಪ್ರಜೆಯಾಗುತ್ತದೆ. ದತ್ತು ಮಗುವಿಗೂ ಇದೇ ಕಾನೂನು, ದತ್ತಿನ ಶರತ್ತುಗಳು ಪೂರೈಸಿದ್ದರೆ ಆಯಿತು. ಅಂದರೆ ತಂಗಿ ಬಲಗೈ ಎತ್ತಿ ಪ್ರಮಾಣವಚನ ತೆಗೆದುಕೊಂಡ ದಿನವೇ ನಮ್ಮ ಹುಡುಗಿಯೂ ಅಮೆರಿಕದವಳಾದಳು. ಆ ಹೊತ್ತಿಗೆ ಅವಳು ಶಾಲೆಯಲ್ಲಿ ಗಣಿತದ ಟೆಸ್ಟ್ ಬರೆಯುತ್ತಿದ್ದಳಂತೆ. ಎನ್-600 ಅಂತ ಹಾಕುವ ಅರ್ಜಿ ಪೌರತ್ವ ಕೊಡಿ ಅಂತ ಕೇಳುವುದಲ್ಲ. ಬಂದಾಗಿರುವ ಪೌರತ್ವಕ್ಕೆ ಒಂದು ಸರ್ಟಿಫಿಕೇಟ್ ಕೊಡಿ ಅಂತ ಕೇಳುವುದು. ಅಲ್ಲಿನ ಪಾಸ್‌ಪೋರ್ಟ್ ಮಾಡಿಸಿದರೂ ಪುರಾವೆಯೇ, ಆದರೆ ಪಾಸ್‌ಪೋರ್ಟಿಗೆ ಅವಧಿ ಇರುತ್ತದೆ, ಸರ್ಟಿಫಿಕೇಟಿಗೆ ಇಲ್ಲ. 2001ರ ಆ ದಿನಕ್ಕೆ ಆಗಲೇ 18 ದಾಟಿದ್ದವರಿಗೆ ಈ ಕಾಯ್ದೆ ಅನ್ವಯಿಸಲಿಲ್ಲ. ಚಿಕ್ಕವರಿದ್ದಾಗ ದತ್ತು ಹೋಗಿ, ಅಲ್ಲೇ ಬೆಳೆದು, ಯಾರೂ ಕಾಗದ ಮಾಡಿಸದೆ, ದೊಡ್ಡವರಾದ ಮೇಲೆ ಯಾವ ದೇಶದವರೂ ಅಲ್ಲದ ಹಾಗೆ ಒದ್ದಾಡಿದವರ ಸುದ್ದಿ ಓದಿಯೇ ತಂಗಿ ಸರ್ಟಿಫಿಕೇಟಿಗೆ ಹಟ ಹಿಡಿದದ್ದು.

ಅರ್ಜಿ ಅವಳು ಅಲ್ಲಿಂದಲೇ ಆನ್‌ಲೈನ್‌ನಲ್ಲಿ ಹಾಕಬಹುದು. ದತ್ತು ಪತ್ರ, ಮದುವೆ ಸರ್ಟಿಫಿಕೇಟ್, ಶಾಲೆಯ ಕಾಗದ, ಎರಡು ವರ್ಷ ಜೊತೆಗಿದ್ದ ಪುರಾವೆ, ಇವೆಲ್ಲ ಇರುವುದು ದಾವಣಗೆರೆಯಲ್ಲಿ, ಅದೂ ಕೆಲವು ಕನ್ನಡದಲ್ಲಿ.

ಮೊದಲು ನಾನು ಹೋದದ್ದು ಒಂದು ಕನ್ಸಲ್ಟೆನ್ಸಿಗೆ. ಹೆಸರು ಬೇಡ. ಗಾಜಿನ ಬಾಗಿಲು, ಎಸಿ, ಗೋಡೆ ಮೇಲೆ ಸ್ವಾತಂತ್ರ್ಯ ದೇವಿಯ ಚಿತ್ರ. ಅವರು ಒಂದು ಪಟ್ಟಿ ಕೊಟ್ಟರು. ಪ್ರತಿ ಕಾಗದಕ್ಕೂ ನೋಟರಿ, ಪ್ರತಿ ಕಾಗದಕ್ಕೂ ಅಪೋಸ್ಟಿಲ್ (ಇಲ್ಲಿನ ಕಾಗದ ಅಸಲಿ ಅಂತ ಹೊರದೇಶದವರಿಗೆ ತೋರಿಸಲು ಹಾಕಿಸುವ ಸರ್ಕಾರಿ ಮುದ್ರೆ), ಅದಕ್ಕೆ ಬೆಂಗಳೂರಿಗೆ ಓಡಾಡುವ ಖರ್ಚು, ಭಾಷಾಂತರಕ್ಕೆ ಬೇರೆ, ಇದರ ಮೇಲೆ ‘ಸರ್ಕಾರಿ ಶುಲ್ಕ 1,385 ಡಾಲರ್’. ರೂಪಾಯಿಗೆ ಹಾಕಿದರೆ ಒಂದು ಲಕ್ಷ ದಾಟುತ್ತದೆ. ಹಿಂದೆ ವೀಸಾಕ್ಕೆ ಅರ್ಜಿ ಹಾಕುವಾಗಲೂ ಇಂಥದ್ದೇ ಇನ್ನೊಂದು ಕಚೇರಿಯವರು ದತ್ತು ಪತ್ರದ ಭಾಷಾಂತರ ಮಾಡಿಕೊಟ್ಟಿದ್ದರು, ಅದನ್ನೇ ಇಟ್ಟುಕೊಳ್ಳಬಹುದಾ ಅಂತ ಕೇಳಿದೆ. ‘ಅದು ಎಕ್ಸ್‌ಪೈರ್ ಆಗಿದೆ ಮೇಡಂ’ ಅಂದರು. ಭಾಷಾಂತರ ಎಕ್ಸ್‌ಪೈರ್ ಆಗುವುದನ್ನು ನಾನು ಅವತ್ತೇ ಕೇಳಿದ್ದು. ಕಬ್ಬಿಣದ ಅಂಗಡಿಯಲ್ಲಿ ಇಷ್ಟು ವರ್ಷ ಕೂತವಳಿಗೆ ತೂಕದಲ್ಲಿ ಹೊಡೆಯುತ್ತಿರುವುದು ಗೊತ್ತಾಗದೆ ಇರುತ್ತದಾ? ಪಟ್ಟಿ ಮಡಚಿ ಬ್ಯಾಗಿಗೆ ಹಾಕಿಕೊಂಡು ಹೊರಟೆ. ನಮ್ಮ ಅಂಗಡಿಯ ಹುಡುಗನೊಬ್ಬ ಟೈಪಿಂಗ್ ಅಣ್ಣಾರ ಹೆಸರು ಹೇಳಿದ.

ಅಂಗಡಿ ಎಂಟಡಿ ಅಗಲ ಇದ್ದೀತು. ಮುಂದೆ ಜೆರಾಕ್ಸ್ ಮಷಿನ್, ಹಿಂದೆ ಕಂಪ್ಯೂಟರ್, ಮೂಲೆಯಲ್ಲಿ ಹಳೇ ರೆಮಿಂಗ್ಟನ್ ಟೈಪ್‌ರೈಟರ್ ಮೇಲೆ ರಟ್ಟಿನ ಡಬ್ಬಿಗಳು. ಗೋಡೆಯ ಮೇಲೆ ಎರಡು ಚೌಕಟ್ಟು, ಒಂದು ಕನ್ನಡ ಸೀನಿಯರ್ ಟೈಪಿಂಗ್ ಪಾಸಾದದ್ದು, ಇನ್ನೊಂದು ಇಂಗ್ಲಿಷ್ ಸೀನಿಯರ್. ಅಣ್ಣಾರು ಅರವತ್ತರ ಆಸುಪಾಸು. ಮೊದಲು ವಕೀಲರೊಬ್ಬರ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದರಂತೆ. ಈ ಊರಿನಲ್ಲಿ ಜೆಜೆಎಂ ಮೆಡಿಕಲ್ ಕಾಲೇಜು 1965ರಿಂದ ಇದೆ, ಬಿಡಿಟಿ ಇಂಜಿನಿಯರಿಂಗ್ ಕಾಲೇಜು ಅದಕ್ಕೂ ಹಳೆಯದು. ಇಲ್ಲಿ ಓದಿ ಹೊರಗೆ ಹೋದವರ ಟ್ರಾನ್ಸ್‌ಕ್ರಿಪ್ಟು, ಜನನ ಪ್ರಮಾಣಪತ್ರ, ಅವರ ಅಪ್ಪ ಅಮ್ಮಂದಿರ ಮದುವೆ ಸರ್ಟಿಫಿಕೇಟು, ಇಂಥದ್ದೆಲ್ಲ ಇಷ್ಟು ವರ್ಷ ಇವರ ಕೈಯಲ್ಲಿ ಹಾದು ಹೋಗಿದೆ. ಹಾಗಾಗಿ ಅಮೆರಿಕ ಅಂದ ಕೂಡಲೇ ಅವರು ಬೆಚ್ಚಿಬೀಳಲಿಲ್ಲ, ರೇಟೂ ಏರಿಸಲಿಲ್ಲ.

ಕನ್ಸಲ್ಟೆನ್ಸಿಯ ಪಟ್ಟಿ ಮುಂದಿಟ್ಟೆ. ಕನ್ನಡಕ ಹಣೆಗೆ ಏರಿಸಿ, ಪಟ್ಟಿಯನ್ನು ಕಣ್ಣಿನ ಹತ್ತಿರ ಹಿಡಿದು ಓದಿದರು.

‘ಅಕ್ಕಾರೆ, ಇದ್ಕೆಲ್ಲ ನೋಟರಿ ಯಾಕ್ರಿ?’

‘ಅವರು ಬೇಕು ಅಂದ್ರಲ್ಲ.’

‘ಯಾರು, ಅಮೆರಿಕದೋರಾ, ಇಲ್ಲಿಯೋರಾ?’

ಅವರು ಹೇಳಿದ್ದು ಇಷ್ಟು. ಅಮೆರಿಕದ ವಲಸೆ ಇಲಾಖೆ ಬೇರೆ ಭಾಷೆಯ ಕಾಗದಕ್ಕೆ ಕೇಳುವುದು ಪೂರ್ತಿ ಇಂಗ್ಲಿಷ್ ಭಾಷಾಂತರ. ಕೆಳಗೆ ಭಾಷಾಂತರಕಾರ ‘ನಾನು ಎರಡೂ ಭಾಷೆ ಬಲ್ಲೆ, ಇದು ಪೂರ್ಣವಾಗಿದೆ, ನಿಖರವಾಗಿದೆ’ ಅಂತ ಬರೆದು ಸಹಿ ಮಾಡಿ, ಹೆಸರು, ವಿಳಾಸ, ತಾರೀಕು ಹಾಕಬೇಕು. ಅಷ್ಟೇ. ನೋಟರಿ ಮುದ್ರೆ ಬೇಕು ಅಂತ ನಿಯಮದಲ್ಲಿಲ್ಲ. ಅಪೋಸ್ಟಿಲ್ ಕೂಡ ಈ ಅರ್ಜಿಗೆ ಬೇಡ. ಅಪೋಸ್ಟಿಲ್ ಬೇರೆ ಕೆಲಸಗಳಿಗೆ ಬೇಕಾಗುತ್ತದೆ, ನಮ್ಮ ವಿದೇಶಾಂಗ ಸಚಿವಾಲಯ ಅದಕ್ಕೆ ಕಾಗದವೊಂದಕ್ಕೆ ತೆಗೆದುಕೊಳ್ಳುವ ಶುಲ್ಕ 50 ರೂಪಾಯಿ. ಮೇಲಿನದ್ದೆಲ್ಲ ಏಜೆಂಟರದ್ದು. ‘ಬೇಕೇ ಬೇಕು ಅಂದ್ರೆ ನೋಟರಿಯೋರು ನಮ್ಮ ಬಾಜೂಕೇ ಅದಾರೆ, ಮಾಡಿಸ್ಕೊಡ್ತೀನಿ. ಆದ್ರೆ ರೊಕ್ಕ ಸುಮ್ನೆ ಹೋಗ್ತೈತಿ ನೋಡ್ರಿ’ ಅಂದರು.

ಆಗ ನಾನು ಶುಲ್ಕದ ವಿಷಯ ಕೇಳಿದೆ. ‘ಅದು ನಂಗೊತ್ತಿಲ್ರಿ, ಅದು ನನ್ನ ಕೆಲ್ಸ ಅಲ್ಲ. ಆ ಇಲಾಖೆ ವೆಬ್‌ಸೈಟಲ್ಲೇ ಫೀ ಪಟ್ಟಿ ಇರ್ತೈತಿ, ತಂಗಿಯೋರಿಗೆ ನೋಡಾಕೆ ಹೇಳ್ರಿ’ ಅಂದುಬಿಟ್ಟರು. ಗೊತ್ತಿಲ್ಲ ಅನ್ನುವ ಅಂಗಡಿಯವರು ನನಗೆ ಬಹಳ ಇಷ್ಟ. ಅವತ್ತು ರಾತ್ರಿ ತಂಗಿ ಆ ಪಟ್ಟಿ ತೆಗೆದು ನೋಡಿದಳು. 2024ರ ಏಪ್ರಿಲ್ 1ರಿಂದ ಶುಲ್ಕಗಳು ಬದಲಾಗಿವೆ. ಕಾಗದದಲ್ಲಿ ಹಾಕಿದರೆ 1,385 ಡಾಲರ್, ಆನ್‌ಲೈನಲ್ಲಿ 1,335 ಅಂತ ಇರುವುದು ನಿಜ. ಆದರೆ ಕಾನೂನಿನ ಶರತ್ತಿಗೆ ಒಳಪಟ್ಟ ದತ್ತು ಮಕ್ಕಳ ಎನ್-600ಗೆ ಅದೇ ದಿನದಿಂದ ಶುಲ್ಕ ವಿನಾಯಿತಿ. ಸೊನ್ನೆ. ಗಾಜಿನ ಬಾಗಿಲಿನವರ ಪಟ್ಟಿಯಲ್ಲಿ ಇದ್ದ ಅತಿ ದೊಡ್ಡ ಮೊತ್ತ ಕಟ್ಟಬೇಕಾದದ್ದೇ ಆಗಿರಲಿಲ್ಲ. ಅವರಿಗೆ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಬರೆದರೋ, ಆ ದೇವರೇ ಬಲ್ಲ.

ಇನ್ನು ಭಾಷಾಂತರದ ಗುಣಮಟ್ಟ. ನಾಲ್ಕು ಅಂಕಗಳಲ್ಲಿ ಎರಡನ್ನು ಇದಕ್ಕೇ ಕೊಟ್ಟಿದ್ದೇನೆ.

ನಮ್ಮ ದತ್ತು ಪತ್ರ ಛಾಪಾ ಕಾಗದದ ಮೇಲೆ, ಪತ್ರಬರಹಗಾರರ ಕನ್ನಡದಲ್ಲಿದೆ. ‘ಸದರಿ’, ‘ಮೇಲ್ಕಂಡ’, ‘ಯಾರ ಬಲವಂತವೂ ಇಲ್ಲದೆ ಸ್ವಸಂತೋಷದಿಂದ’, ಒಂದೊಂದು ವಾಕ್ಯ ಅರ್ಧ ಪುಟ. ಅಣ್ಣಾರು ಹಳೇ ಭಾಷಾಂತರವನ್ನೂ ಕನ್ನಡದ ಪ್ರತಿಯನ್ನೂ ಅಕ್ಕಪಕ್ಕ ಇಟ್ಟು, ಪ್ಲಾಸ್ಟಿಕ್ ಸ್ಕೇಲನ್ನು ಒಂದೊಂದೇ ಸಾಲಿನ ಕೆಳಗೆ ಇಳಿಸುತ್ತಾ ಹೋದರು. ಮೂರನೇ ಪುಟಕ್ಕೆ ಬಂದಾಗ ಸ್ಕೇಲು ನಿಂತಿತು. ಕನ್ನಡದಲ್ಲಿ ಒಂದು ಪ್ಯಾರಾ ಇದೆ. ಬಂಧುಗಳ ಸಮಕ್ಷಮ ಹೆತ್ತವರು ಮಗುವನ್ನು ಎತ್ತಿ ಕೊಟ್ಟರು, ಇವರು ಮಡಿಲಿಗೆ ತೆಗೆದುಕೊಂಡರು ಅಂತ. ಹಳೇ ಇಂಗ್ಲಿಷ್ ಪ್ರತಿಯಲ್ಲಿ ಆ ಪ್ಯಾರಾ ಇಡಿಯಾಗಿ ಇಲ್ಲ. ಏನೋ ಶಾಸ್ತ್ರದ ವಿಷಯ ಅಂತ ಬಿಟ್ಟಿದ್ದಿರಬೇಕು.

ಬಿಡಬಾರದ್ದೇ ಅದು. 1956ರ ಹಿಂದೂ ದತ್ತಕ ಕಾಯ್ದೆಯಲ್ಲಿ ಹೋಮ ಕಡ್ಡಾಯವಲ್ಲ. ಆದರೆ ಮಗುವನ್ನು ನಿಜವಾಗಿ ಕೊಟ್ಟು ತೆಗೆದುಕೊಳ್ಳಬೇಕು, ಅದಿಲ್ಲದೆ ದತ್ತು ಆಗುವುದೇ ಇಲ್ಲ. ಮಗುವಿಗೆ 15 ತುಂಬಿರಬಾರದು, ಹೆಣ್ಣುಮಗುವನ್ನು ತೆಗೆದುಕೊಳ್ಳುವವರಿಗೆ ಆಗ ಹೆಣ್ಣುಮಗು ಇರಬಾರದು, ಸಾಕುವ ಅಪ್ಪ ಹುಡುಗಿಗಿಂತ ಕನಿಷ್ಠ 21 ವರ್ಷ ದೊಡ್ಡವನಿರಬೇಕು, ಇವೆಲ್ಲ ಪತ್ರದಲ್ಲಿ ಸರಿಯಾಗೇ ಇದ್ದವು. ನಮ್ಮಮ್ಮ ಹೋಮ ಆಗಲೇಬೇಕು ಅಂತ ಪಟ್ಟು ಹಿಡಿದು ಮಾಡಿಸಿದ್ದರು, ಅದೂ ಪತ್ರದಲ್ಲಿತ್ತು, ಅದೂ ಹಳೇ ಭಾಷಾಂತರದಲ್ಲಿ ಇರಲಿಲ್ಲ. ‘ಪೂರ್ತಿ ಭಾಷಾಂತರ ಅಂದ್ರೆ ಪೂರ್ತಿನೇ ಅಕ್ಕಾರೆ. ಸಾರಾಂಶ ಅಲ್ಲ’ ಅಂತ ಹೊಸದಾಗಿ ಮಾಡಲು ಕೂತರು.

ಮಾಡಿದ್ದು ನೋಡಿದರೆ ನನಗೆ ಖುಷಿಯಾಯಿತು. ಮುದ್ರೆ ಇರುವ ಕಡೆ ಮುದ್ರೆ ಅಂತ ಬರೆದು, ಅದರೊಳಗಿನ ಅಕ್ಷರವನ್ನೂ ಇಂಗ್ಲಿಷಿಗೆ ತಂದಿದ್ದರು. ಅಂಚಿನಲ್ಲಿ ಕೈಬರಹದ ದಸ್ತಾವೇಜು ನಂಬರು, ಹೆಬ್ಬೆಟ್ಟಿನ ಗುರುತು, ಸಾಕ್ಷಿದಾರರ ಸಹಿ, ಕೊನೆಗೆ ‘ಬಿಕ್ಕಲಂ’ ಅಂತ ಪತ್ರಬರಹಗಾರರ ಹೆಸರು, ಒಂದನ್ನೂ ಬಿಟ್ಟಿಲ್ಲ. ಕಾಗದ ಹರಿದು ಒಂದು ಅಕ್ಷರ ಓದಲಾಗದ ಕಡೆ ಊಹೆ ಮಾಡದೆ ‘ಓದಲಾಗುತ್ತಿಲ್ಲ’ ಅಂತಲೇ ಹಾಕಿದ್ದರು. ಅದನ್ನು ನೋಡಿ ನಾನೇ ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ ಹೊಸ ದೃಢೀಕೃತ ನಕಲು ತೆಗೆಸಿಕೊಟ್ಟೆ, ಆಮೇಲೆ ಆ ಜಾಗ ತುಂಬಿದರು.

ತಾರೀಕಿನ ವಿಷಯ ನನಗಂತೂ ಹೊಳೆದೇ ಇರಲಿಲ್ಲ. ಪತ್ರ ನೋಂದಣಿಯಾದದ್ದು 06-07-2016. ನಮಗೆ ಅದು ಜುಲೈ ಆರು. ಅಮೆರಿಕದವರು ತಿಂಗಳನ್ನು ಮೊದಲು ಬರೆಯುತ್ತಾರೆ, ಅವರ ಕಣ್ಣಿಗೆ ಅದು ಜೂನ್ ಏಳು. ಎರಡು ವರ್ಷದ ಲೆಕ್ಕ ಹಾಕುವ ಅರ್ಜಿಯಲ್ಲಿ ಒಂದು ತಿಂಗಳು ಹೆಚ್ಚುಕಡಿಮೆಯಾದರೆ ಪ್ರಶ್ನೆ ಬರುವುದೇ. ಅಣ್ಣಾರು ಎಲ್ಲಾ ಕಡೆ ತಿಂಗಳ ಹೆಸರನ್ನು ಅಕ್ಷರದಲ್ಲೇ ಬರೆದಿದ್ದರು.

ಇನ್ನೊಂದು ತೊಡಕು ನಮ್ಮ ಊರಿನದೇ. ತಂಗಿ ಹುಟ್ಟಿದ್ದು 1980ರಲ್ಲಿ, ದಾವಣಗೆರೆಯಲ್ಲೇ. ಆದರೆ ದಾವಣಗೆರೆ ಆಗ ಚಿತ್ರದುರ್ಗ ಜಿಲ್ಲೆಯ ಒಂದು ತಾಲ್ಲೂಕು. ಜಿಲ್ಲೆಯಾದದ್ದು 1997ರ ಆಗಸ್ಟ್ 15ಕ್ಕೆ. ಅವಳ ಎಸ್ಸೆಸ್ಸೆಲ್ಸಿ ಅಂಕಪಟ್ಟಿ 1996ರದ್ದು, ಅದರಲ್ಲಿ ಚಿತ್ರದುರ್ಗ ಜಿಲ್ಲೆ. ಮದುವೆ ಸರ್ಟಿಫಿಕೇಟಿನಲ್ಲಿ ದಾವಣಗೆರೆ ಜಿಲ್ಲೆ. ಊರು ಕದಲಿಲ್ಲ, ಮನೆ ಕದಲಿಲ್ಲ, ಜಿಲ್ಲೆ ಮಾತ್ರ ಎರಡು. ಇದನ್ನು ನ್ಯೂಜೆರ್ಸಿಯ ಅಧಿಕಾರಿಗೆ ಹೇಗೆ ತಿಳಿಸುವುದು? ‘ಎರಡರಲ್ಲೂ ದಾವಣಗೆರೆ ಅಂತಲೇ ಟೈಪ್ ಮಾಡಿಬಿಡಿ’ ಅಂದೆ ನಾನು. ಅಣ್ಣಾರು ಕೈ ಕಟ್ಟಿ ಕೂತರು. ‘ಅಲ್ಲಿ ಏನೈತೋ ಅದನ್ನೇ ಇಡಬೇಕ್ರಿ. ನಾ ಸಹಿ ಹಾಕ್ತೀನಲ್ಲ ಕೆಳಗೆ.’ ಇದ್ದದ್ದು ಇದ್ದ ಹಾಗೇ ಭಾಷಾಂತರಿಸಿದರು. ಬೇರೆ ಒಂದು ಹಾಳೆಯಲ್ಲಿ, ಜಿಲ್ಲೆ ವಿಭಜನೆಯಾಗಿ ಹೆಸರು ಬದಲಾದದ್ದಕ್ಕೆ ತಂಗಿಯೇ ಸಹಿ ಹಾಕಿ ವಿವರಣೆ ಕೊಡಲಿ ಅಂತ ನಾಲ್ಕು ಸಾಲು ಬರೆದುಕೊಟ್ಟರು. ಅದಕ್ಕೆ ದುಡ್ಡು ಕೇಳಲಿಲ್ಲ. ಚನ್ನಗಿರಿ, ಹೊನ್ನಾಳಿಯವರಿಗೆ ಇದೇ ತೊಂದರೆ ಶಿವಮೊಗ್ಗದ ಹೆಸರಲ್ಲಿ ಬರುತ್ತದಂತೆ. ಹರಪನಹಳ್ಳಿಯವರದ್ದಂತೂ ಕೇಳಲೇಬೇಡಿ. ಬಳ್ಳಾರಿಯಿಂದ ದಾವಣಗೆರೆಗೆ ಬಂದು, 2018ರಲ್ಲಿ ಮತ್ತೆ ಬಳ್ಳಾರಿಗೆ ಹೋಗಿ, ಈಗ ವಿಜಯನಗರ ಜಿಲ್ಲೆಯಲ್ಲಿದ್ದಾರೆ.

ಎರಡು ವರ್ಷ ಜೊತೆಗಿದ್ದ ಪುರಾವೆ ಅಂದಾಗ ನಾನು ಬೀರುವಿನಲ್ಲಿದ್ದದ್ದನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಹೋಗಿದ್ದೆ. ಅಣ್ಣಾರು ಅದರಲ್ಲಿ ಮುಕ್ಕಾಲು ಪಾಲು ವಾಪಸ್ ಕೊಟ್ಟರು. ಹುಟ್ಟುಹಬ್ಬದ ಫೋಟೋ ತಂಗಿಯೇ ಅಲ್ಲಿಂದ ಸೇರಿಸಲಿ ಅಂದರು. ಅವರು ಇಟ್ಟುಕೊಂಡದ್ದು ಶಾಲೆಯ ಪ್ರಗತಿ ಪತ್ರಗಳು. ಪ್ರತಿ ಟೆಸ್ಟ್ ಆದ ಮೇಲೂ ಪೋಷಕರ ಸಹಿ ಅನ್ನುವ ಕಡೆ ತಂಗಿಯ ಸಹಿ, ಪಕ್ಕದಲ್ಲಿ ತಾರೀಕು. ‘ಇದಕ್ಕಿಂತ ಸಾಕ್ಷಿ ಬೇಕೇನ್ರಿ, ತಿಂಗಳು ತಿಂಗಳು ತಾಯಿ ಇಲ್ಲೇ ಇದ್ದಾರೆ ಅಂತ ಶಾಲೆಯೋರೇ ಬರೆಸ್ಕಂಡಾರೆ.’ ಅವು ಇಂಗ್ಲಿಷಿನಲ್ಲೇ ಇದ್ದದ್ದರಿಂದ ಭಾಷಾಂತರದ ಖರ್ಚೂ ಇಲ್ಲ. ಒಂದು ಎಡವಟ್ಟು ಇತ್ತು, ಯುಕೆಜಿಯ ಪತ್ರದಲ್ಲಿ ಹುಡುಗಿಯ ಹಳೇ ಇನಿಷಿಯಲ್, ಒಂದನೇ ಕ್ಲಾಸಿನಿಂದ ಹೊಸದು. ಶಾಲೆಗೆ ಹೋಗಿ, ಪ್ರವೇಶ ರಿಜಿಸ್ಟರ್ ಪ್ರಕಾರ ಇಬ್ಬರೂ ಒಬ್ಬಳೇ ಹುಡುಗಿ ಅಂತ ಮುಖ್ಯೋಪಾಧ್ಯಾಯಿನಿಯವರಿಂದ ಒಂದು ಪತ್ರ ಬರೆಸಿಕೊಂಡು ಬರಲು ಹೇಳಿದರು. ಹಾಗೇ ಮಾಡಿದೆ. ಹರಿಹರ ನಗರಸಭೆಯ ಜನನ ಪ್ರಮಾಣಪತ್ರವನ್ನು ಭಾಷಾಂತರಕ್ಕೆ ಕೊಟ್ಟಾಗಲೂ ತಿರುಗಿಸಿ ಕೊಟ್ಟರು. ಅದರಲ್ಲಿ ಕನ್ನಡದ ಕೆಳಗೆ ಇಂಗ್ಲಿಷೂ ಅಚ್ಚಾಗಿದೆ, ಸುಮ್ಮನೆ ಯಾಕೆ ಅಂತ. ಇಷ್ಟಕ್ಕೆಲ್ಲ ತೆಗೆದುಕೊಂಡದ್ದು ಭಾಷಾಂತರದ ಪುಟಕ್ಕೆ 150 ರೂಪಾಯಿ, ಜೆರಾಕ್ಸ್ ಬೇರೆ.

ಇಲ್ಲಿ ಒಂದು ಮಾತು ಸೇರಿಸಬೇಕು. ನಾನು ಅಲ್ಲಿ ಕೂತಿದ್ದಾಗ ಜಗಳೂರು ಕಡೆಯವರೊಬ್ಬರು ಬಂದಿದ್ದರು. ಅಮೆರಿಕದ ಪ್ರಜೆಯಾಗಿರುವ ಮಗನಿಗೆ ಅಣ್ಣನ ಮೊಮ್ಮಗುವನ್ನು ದತ್ತು ಕೊಡಬೇಕು, ‘ಒಂದು ಬಾಂಡ್ ಪೇಪರ್ ಮೇಲೆ ಟೈಪ್ ಮಾಡಿಕೊಡಿ, ಮುಂದಿನ ತಿಂಗಳು ಕರಕೊಂಡು ಹೋಗ್ತಾನೆ’ ಅಂದರು. ಅಣ್ಣಾರು ಟೈಪ್ ಮಾಡಲಿಲ್ಲ. ಅಮೆರಿಕದ ಪ್ರಜೆಗಳು ಇಲ್ಲಿನ ಮಗುವನ್ನು ತೆಗೆದುಕೊಳ್ಳಬೇಕಾದರೆ ದೇಶದಿಂದ ದೇಶಕ್ಕೆ ದತ್ತು ಹೋಗುವ ಮಕ್ಕಳಿಗಾಗಿ ಇರುವ ಹೇಗ್ ಒಪ್ಪಂದದ ದಾರಿ ಹಿಡಿಯಬೇಕು, ಅಲ್ಲಿಯ ಅರ್ಜಿ, ಇಲ್ಲಿ ಕೇಂದ್ರ ದತ್ತು ಪ್ರಾಧಿಕಾರ ಕಾರಾ, ಎರಡೂ ಕಡೆ ಒಪ್ಪಿಗೆ ಮೊದಲು, ಮಗು ಆಮೇಲೆ. ಹಿಂದೂ ಕಾಯ್ದೆಯಲ್ಲಿ ದತ್ತು ಆದರೂ ಮಗುವನ್ನು ಹೊರದೇಶಕ್ಕೆ ಒಯ್ಯಬೇಕಾದರೆ ಜಿಲ್ಲಾಧಿಕಾರಿಯ ಪರಿಶೀಲನೆ, ಕಾರಾದ ನಿರಾಕ್ಷೇಪಣಾ ಪತ್ರ ಬೇಕು ಅಂತ 2021ರ ಸೆಪ್ಟೆಂಬರಿನಲ್ಲಿ ನಿಯಮ ಬಂದಿದೆ. ಆದ್ದರಿಂದ ನಮ್ಮ ಮನೆಯಲ್ಲಿ 2016ರಲ್ಲಿ ನಡೆದದ್ದನ್ನು ನೋಡಿ ಈಗ ಯಾರೂ ಹಾಗೇ ಹೊರಡಬೇಡಿ. ಅಣ್ಣಾರು ಅವರಿಗೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ ಕೇಳಿ ಅಂತ ಚೀಟಿ ಬರೆದುಕೊಟ್ಟರು. ಆ ಹಿರಿಯರು ಸಿಟ್ಟಾಗಿ, ಬೇರೆ ಕಡೆ ಮಾಡಿಸ್ತೀನಿ ಅಂತ ಎದ್ದು ಹೋದರು. ಬೇರೆ ಕಡೆ ಮಾಡಿಕೊಟ್ಟೂ ಇರುತ್ತಾರೆ.

ಈಗ ಕಳೆದ ಒಂದು ಅಂಕ. ಇಡೀ ಅಂಗಡಿಯ ಕಂಪ್ಯೂಟರ್ ಪರದೆ ರಸ್ತೆಗೆ ಮುಖ ಮಾಡಿದೆ. ನಿಂತವರಿಗೆಲ್ಲ ಎಲ್ಲರ ಆಧಾರ್, ಪಾಸ್‌ಪೋರ್ಟ್, ಮದುವೆ ಫೋಟೋ ಕಾಣುತ್ತದೆ. ಡೆಸ್ಕ್‌ಟಾಪಿನ ಮೇಲೆ ಊರಿನವರ ಹೆಸರಿನ ಫೋಲ್ಡರುಗಳು ಸಾಲಾಗಿ ಕೂತಿವೆ. ಒಂದು ಮಗುವಿನ ದತ್ತು ಪತ್ರ ಹೀಗೆ ಬಿದ್ದಿರುವುದು ಸರಿಯಲ್ಲ. ಹೇಳಿದೆ. ಮುಖ ಸಣ್ಣದು ಮಾಡಿಕೊಂಡರು, ಆದರೆ ನಮ್ಮ ಫೋಲ್ಡರನ್ನು ನನ್ನ ಮುಂದೆಯೇ ಅಳಿಸಿ, ಕಸದ ಬುಟ್ಟಿಯಿಂದಲೂ ತೆಗೆದರು. ನೀವು ಹೋದಾಗ ಕೇಳದೆ ಬರಬೇಡಿ. ಪೆನ್‌ಡ್ರೈವ್ ನೀವೇ ಒಯ್ಯಿರಿ, ವಾಟ್ಸಾಪಿನಲ್ಲಿ ಕಳಿಸಿಕೊಳ್ಳಬೇಡಿ, ಸ್ಪಷ್ಟತೆಯೂ ಹೋಗುತ್ತದೆ. ಸ್ಕ್ಯಾನರಿನ ಗಾಜಿನ ಮೇಲೆ ಒಂದು ಗೀರಿದೆ, ಪ್ರತಿ ಪುಟದ ಬಲಕ್ಕೆ ಕರಿ ಗೆರೆ ಬರುತ್ತದೆ. ಸ್ಕ್ಯಾನಿಂಗ್ ಮಾತ್ರ ನಾನು ಬೇರೆ ಕಡೆ ಮಾಡಿಸಿದೆ. ಕೂರಲು ಇರುವುದು ಒಂದೇ ಸ್ಟೂಲು. ಇನ್ನು ಅಣ್ಣಾರ ಮಾತು, ಶುರುವಾದರೆ ನಿಲ್ಲುವುದಿಲ್ಲ. ಹತ್ತಿಗಿರಣಿಗಳ ಕಾಲದ ದಾವಣಗೆರೆ, ಗಿರಣಿ ಸೈರನ್ನಿಗೆ ಊರು ಏಳುತ್ತಿದ್ದದ್ದು, ಎಲ್ಲಾ ಕೇಳಬೇಕಾಗುತ್ತದೆ. ನನಗೆ ಅದು ತೊಂದರೆ ಅನ್ನಿಸಲಿಲ್ಲ, ಆಟೋ ಕಾಯಿಸಿ ಬಂದವರಿಗೆ ಅನ್ನಿಸಬಹುದು.

ಕೆಲಸ ಆಯಿತಾ ಅಂದರೆ, ಆಯಿತು. ತಂಗಿ 2024ರ ಕೊನೆಗೆ ಅರ್ಜಿ ಹಾಕಿದಳು. ಕಾಗದ ಸಾಲದು ಅಂತ ಅಲ್ಲಿಂದ ಪತ್ರ ಬರಲಿಲ್ಲ. 14 ತುಂಬಿದ ಮಕ್ಕಳು ಸರ್ಟಿಫಿಕೇಟ್ ತೆಗೆದುಕೊಳ್ಳುವಾಗ ತಾವೇ ಪ್ರಮಾಣವಚನ ಹೇಳಬೇಕು. ನಮ್ಮವಳಿಗೆ ಆಗತಾನೆ 14 ತುಂಬಿತ್ತು. ಆಗಲೇ ಪ್ರಜೆಯಾಗಿರುವವಳು ಮತ್ತೆ ಯಾಕೆ ಪ್ರಮಾಣ ಮಾಡಬೇಕು ಅಂತ ಅಮ್ಮನ ಜೊತೆ ವಾದ ಮಾಡಿದಳಂತೆ. ಪ್ರಶ್ನೆ ಸರಿಯಾಗೇ ಇದೆ, ಆದರೂ ಹೇಳಿ ಬಂದಳು. ಸರ್ಟಿಫಿಕೇಟಿನಲ್ಲಿ ಪೌರತ್ವ ಬಂದ ದಿನ ಅಂತ ಹಾಕಿರುವುದು ತಂಗಿ ಪ್ರಮಾಣ ಮಾಡಿದ ತಾರೀಕು, ಸರ್ಟಿಫಿಕೇಟ್ ಕೊಟ್ಟ ತಾರೀಕಲ್ಲ. ಹೆಸರಿನ ಒಂದು ಅಕ್ಷರವೂ ತಪ್ಪಿಲ್ಲ.

ಈಗ ಮುಂದಿನ ಸುತ್ತು ಶುರುವಾಗಿದೆ. ಭಾರತದಲ್ಲಿ ಎರಡು ಪೌರತ್ವಕ್ಕೆ ಅವಕಾಶವಿಲ್ಲ. ಇಲ್ಲಿನ ಮುಖ್ಯ ಅಂಚೆ ಕಚೇರಿಯ ಪಾಸ್‌ಪೋರ್ಟ್ ಕೇಂದ್ರದಲ್ಲಿ ಮಾಡಿಸಿದ್ದ ಅವಳ ಭಾರತೀಯ ಪಾಸ್‌ಪೋರ್ಟ್ ಒಪ್ಪಿಸಿ, ಆಮೇಲೆ ಹೊರದೇಶದ ಪ್ರಜೆಯಾದ ಭಾರತ ಮೂಲದವರಿಗೆ ಕೊಡುವ ಓಸಿಐ ಕಾರ್ಡಿಗೆ ಅರ್ಜಿ ಹಾಕಬೇಕು. ಅದಾದರೆ ವೀಸಾ ಇಲ್ಲದೆ ಬಂದು ಹೋಗಬಹುದು. 20 ದಾಟಿದ ಮೇಲೆ ಹೊಸ ಪಾಸ್‌ಪೋರ್ಟ್ ಮಾಡಿಸಿದಾಗ ಓಸಿಐಯನ್ನೂ ಒಂದು ಸಲ ಹೊಸದಾಗಿ ಮಾಡಿಸಬೇಕು. ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ, ಮುಂದಿನ ಜಾತ್ರೆಯ ಹೊತ್ತಿಗೆ ಕಾರ್ಡ್ ಕೈಗೆ ಬರಬೇಕು ಅಂತ ಅಮ್ಮನ ಗಡುವು. ಮತ್ತದೇ ದತ್ತು ಪತ್ರ, ಮತ್ತದೇ ಮದುವೆ ಸರ್ಟಿಫಿಕೇಟ್. ಭಾಷಾಂತರ ಹೊಸದಾಗಿ ಬೇಕಾ ಅಂತ ಅಣ್ಣಾರಿಗೆ ಫೋನ್ ಮಾಡಿದೆ. ‘ಹಳೇದೇ ನಡಿತೈತಿ, ಸುಮ್ನೆ ಬರಬ್ಯಾಡ್ರಿ’ ಅಂದರು.

ಅಂಗಡಿ ತೆಗೆಯುವುದು ಹನ್ನೊಂದಕ್ಕೆ, ಮಧ್ಯಾಹ್ನ ಊಟಕ್ಕೆ ಎರಡು ಗಂಟೆ ಶಟರ್ ಅರ್ಧ ಎಳೆದಿರುತ್ತದೆ. ಶಾಲಾ ಕಾಲೇಜು ಅಡ್ಮಿಷನ್ ಶುರುವಾಗುವ ಜೂನ್‌ನಲ್ಲಿ ಹೋಗಬೇಡಿ, ಜೆರಾಕ್ಸ್‌ಗೇ ಸಾಲು ರಸ್ತೆಗೆ ಬಂದಿರುತ್ತದೆ. ಭಾಷಾಂತರದ ಕೆಲಸಕ್ಕಾದರೆ ಸಂಜೆ ಆರರ ನಂತರ ಹೋಗಿ, ಅಣ್ಣಾರು ಆಗ ಸ್ಕೇಲು ಹಿಡಿದು ಕೂರುತ್ತಾರೆ. ಫೋನ್‌ಪೇ ನಡೆಯುತ್ತದೆ, ರಸೀದಿ ಕೇಳಿದರೆ ಮಾತ್ರ ಕೊಡುತ್ತಾರೆ.